ನಮಾಜಿನ ಹೊತ್ತಿಗೆ ತೆರೆದ ಅಂಗಡಿ

ಹೆಣ್ಣುಮಕ್ಕಳ ಮದರಸಾ ಹಾಸ್ಟೆಲಿನ ಸಹಕಾರಿ ಅಂಗಡಿಯ ಬೀಗದಕೈ ಹತ್ತು ವರ್ಷ ವಾರ್ಡನ್ ದೊಡ್ಡಾಪಾಳ ಸೆರಗಿನ ಗಂಟಿನಲ್ಲೇ ಇತ್ತು. ಸೋಪಿನಿಂದ ಸೂಜಿಯವರೆಗೆ ಎಲ್ಲವೂ ಆಕೆಯ ಕೈ ದಾಟಿಯೇ ಹೋಗಬೇಕು. ಹೋದ ವಾರ ಕಮಿಟಿಯವರು ಅದನ್ನು ಹತ್ತನೇ ಕ್ಲಾಸಿನ ಹುಡುಗಿಯರಿಗೆ ಕೊಡಿಸಿದರು. ಒಂದು ವಾರ ಸಂಭಾಳಿಸಿದರೆ ಅಂಗಡಿ ಅವರದು, ಇಲ್ಲವಾದರೆ ಹೊರಗಿನ ಗುತ್ತಿಗೆದಾರನಿಗೆ. ತೀರ್ಪು ಹೇಳಬೇಕಾದವಳು ದೊಡ್ಡಾಪಾ, ಅದೂ ಇವತ್ತು ಸಂಜೆಯೇ.

ಕೀಲಿ ಕೈಬಿಟ್ಟ ದಿನದಿಂದ ಆಕೆಗೆ ನಿಂತಲ್ಲಿ ಕಾಲು ನಿಲ್ಲದು. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಪ್ರಾರ್ಥನೆಯ ಕೋಣೆಗೆ ಹೋದ ಮೇಲೆ ಅಂಗಡಿಯತ್ತ ಇಣುಕಿದಳು. ಬಾಗಿಲು ಹಾರುಹೊಡೆದಿದೆ, ಒಳಗೆ ನರಪಿಳ್ಳೆಯಿಲ್ಲ! "ನಂಗೆ ಗೊತ್ತಿತ್ತು" ಎಂದು ಗೊಣಗುತ್ತ ಬಾಗಿಲೆಳೆದು, ಚಿಲಕಕ್ಕೆ ನೇತುಬಿದ್ದಿದ್ದ ಬೀಗವನ್ನು ಒತ್ತಿಯೇಬಿಟ್ಟಳು. ಮನಸ್ಸಿಗೆ ಒಂಚೂರು ಹಿತವೂ ಆಯಿತು, ಸುಳ್ಳೇಕೆ ಹೇಳಬೇಕು.

ತಿರುಗುವಷ್ಟರಲ್ಲಿ ಆರನೇ ಕ್ಲಾಸಿನ ಹೊಸ ಹುಡುಗಿಯೊಬ್ಬಳು ಬಂದು ನಿಂತಿದ್ದಳು. ಬೀಗ ಕಂಡದ್ದೇ ಮುಖ ಬಿಳಿಚಿಕೊಂಡು ಗೋಡೆಗೆ ಬೆನ್ನು ಅಂಟಿಸಿದಳು.

"ಏನೇ ಬೇಕಿತ್ತು? ನಮಾಜಿಗೆ ಯಾಕೆ ಹೋಗಿಲ್ಲ?"

ಹುಡುಗಿಯ ಕಣ್ಣು ತುಂಬಿಬಂತು.

ಅಷ್ಟರಲ್ಲಿ ನಮಾಜು ಮುಗಿಸಿ, ಎಲ್ಲರೂ 'ಮ್ಯಾನೇಜರ್' ಎಂದು ಕರೆಯುವ, ಹತ್ತನೇ ಕ್ಲಾಸಿನ ಕನ್ನಡಕದ ಹುಡುಗಿ ಓಡೋಡಿ ಬಂದಳು.

"ಅಯ್ಯೋ ಆಪಾ, ಬೀಗ ಯಾಕ್ ಹಾಕಿದ್ರಿ? ಬೇಕೂಂತ್ಲೇ ತೆರೆದಿಟ್ಟು ಹೋಗೋದು ನಾವು!"

"ಬೇಕೂಂತಾನಾ?"

ಅವಳು ದನಿ ತಗ್ಗಿಸಿದಳು. "ಮುಟ್ಟಾದೋರಿಗೆ ನಮಾಜಿಲ್ಲ ಅಲ್ವಾ ಆಪಾ. ಈ ಹೊತ್ತಲ್ಲಿ ಹೊರಗಿರೋರು ಅವರೇ. ಎಲ್ಲರ ಮುಂದೆ ಪ್ಯಾಡ್ ಕೇಳೋಕೆ ಚಿಕ್ಕೋರಿಗೆ ನಾಚಿಕೆ. ಯಾರೂ ಇಲ್ದಾಗ ಬಂದು ತಾವೇ ತಗೊಂಡ್ಹೋಗ್ತಾರೆ."

ತನ್ನ ಬಳಿಯಿದ್ದ ಕೀಲಿಯಿಂದ ಅವಳೇ ಬೀಗ ತೆಗೆದಳು. ಚಿಕ್ಕವಳು ಒಳಗೆ ಹೋಗುವಾಗ ಮ್ಯಾನೇಜರ್ ಬೆನ್ನು ತಿರುಗಿಸಿ ನಿಂತಳು. ದೊಡ್ಡಾಪಾಳ ತೋಳು ಹಿಡಿದು ಅವಳನ್ನೂ ತಿರುಗಿಸಿದಳು.

ದೊಡ್ಡಾಪಾ ದಂಗಾಗಿಹೋದಳು. ಹತ್ತು ವರ್ಷ ಇದೇ ಬಾಗಿಲಲ್ಲಿ "ಗಟ್ಟಿಯಾಗಿ ಹೇಳೇ, ಕೇಳಿಸಲ್ಲ!" ಎಂದು ಎಷ್ಟು ಮಕ್ಕಳನ್ನು ಗದರಿದ್ದಳೋ. ಎಷ್ಟು ಜನ ಏನೂ ಕೇಳದೆ ವಾಪಸು ಹೋಗಿದ್ದರೋ. ತಾನೂ ಇದೇ ಹಾಸ್ಟೆಲಿನಲ್ಲಿ ಬೆಳೆದವಳು, ತನ್ನ ಬುದ್ಧಿಗೆ ಹೊಳೆಯದ್ದು ಹದಿನೈದರ ಈ ಪೋರಿಗೆ ಹೊಳೆಯಿತಲ್ಲ!

"ಆಪಾ, ನಾವು ಫೇಲಾ?" ಮ್ಯಾನೇಜರ್ ಕೇಳಿದಳು.

"ನೀವಲ್ಲ ಕಣೇ" ಎಂದಳು ದೊಡ್ಡಾಪಾ.

ಸಂಜೆ ಕಮಿಟಿಯ ಮುಂದೆ ಅಂಗಡಿ ಮಕ್ಕಳದೇ ಎಂದಳು. ಮರುದಿನ ಮಧ್ಯಾಹ್ನ ಅಂಗಡಿಯ ಮುಂದಿನ ದಾರಿ ಬಿಟ್ಟು, ಹಿತ್ತಲು ಸುತ್ತಿಕೊಂಡು ನಮಾಜಿಗೆ ಹೋದಳು.