ಮನೆಯಲ್ಲಿ ಬಿಟ್ಟ ಕನ್ನಡಕ

ಬಂಗಾಳದ ಗಾರ್ಡನ್ ರೀಚ್‌ನ ಹಡಗು ಕಟ್ಟುವ ಯಾರ್ಡಿನಲ್ಲಿ ತಲೆ ನೆರೆಯುವ ತನಕ ವೆಲ್ಡರ್ ಆಗಿ ದುಡಿದ ಧಾರವಾಡದ ಕಲ್ಲಪ್ಪನವರಿಗೆ ಅಕ್ಷರ ಬರುತ್ತಿರಲಿಲ್ಲ. ಯಾರಾದರೂ ಕಾಗದ ಮುಂದೆ ಹಿಡಿದರೆ, ಕನ್ನಡಕ ಮನೆಯಲ್ಲಿ ಬಿಟ್ಟುಬಂದೆ ಎಂದು ಜಾರಿಕೊಳ್ಳುತ್ತಿದ್ದರು. ಆ ಗುಟ್ಟು ಗೊತ್ತಿದ್ದದ್ದು ಮಗಳು ವರ್ಷಿಣಿಗೆ ಮಾತ್ರ.

ಅವಳೋ ವಯಸ್ಕರ ಶಿಕ್ಷಣದ ಸಂಶೋಧಕಿ. ಗಿರಣಿ ಕಾರ್ಮಿಕರ ರಾತ್ರಿಶಾಲೆಗಳಿಂದ ಹಿಡಿದು ಇಂದಿನ ಸಾಕ್ಷರತಾ ಕೇಂದ್ರಗಳ ತನಕ ಎಲ್ಲವನ್ನೂ ಅರೆದು ಕುಡಿದವಳು. ನಿವೃತ್ತರಾದ ಮೇಲೆ ಅಪ್ಪ ತಾವಾಗಿಯೇ, "ನನಗೂ ಓದಾಕ ಕಲಿಸವಾ. ಚಹಾದಂಗಡ್ಯಾಗ ಮಂದಿ ಪೇಪರ್ ಓದಿ ವಾದಾ ಮಾಡ್ತಾರ, ನನಗ ಬರೇ ಕೇಳೂದಾಗೇತಿ" ಎಂದಾಗ ಅವಳ ಕಣ್ಣು ತುಂಬಿತ್ತು. ಸುತ್ತಲಿನದೆಲ್ಲ ಬಂಗಾಳಿ, ಕಲಿಸಿದ್ದೂ ಬಂಗಾಳಿಯನ್ನೇ. ವರ್ಷ ತುಂಬುವುದರೊಳಗೆ ಅವರು ಓಣಿಯ ಚಹಾದಂಗಡಿಯ ಗೋಡೆಗೆ ಅಂಟಿಸುವ ಪತ್ರಿಕೆಯ ತಲೆಬರಹಗಳನ್ನು ಬೆರಳಿಟ್ಟು ಓದತೊಡಗಿದರು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಗರದ ಇನ್ನೊಂದು ತುದಿಯ ಸಾಲ್ಟ್ ಲೇಕ್‌ನ ವಿಚಾರ ಸಂಕಿರಣಕ್ಕೆ, ಓದಿ ತೋರಿಸಲೆಂದು, ವರ್ಷಿಣಿ ಅಪ್ಪನನ್ನೇ ಕರೆದೊಯ್ದಳು. ಹೊಸ ಹಡಗು ಸಿದ್ಧವಾಗುತ್ತಿರುವ ಸುದ್ದಿಯ ತುಣುಕೊಂದನ್ನು ಮತ್ತೆ ಮತ್ತೆ ಓದಿ ರೂಢಿ ಮಾಡಿಕೊಂಡು, ಜೇಬಿನಲ್ಲಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು ಬಂದಿದ್ದರು. "ವಯಸ್ಕ ಮಗುವಲ್ಲ. ಏನು ಓದಬೇಕೆಂದು ಅವನೇ ಆರಿಸಲಿ" ಎಂದು ವೇದಿಕೆಯ ಮೇಲೆ ಮಗಳು ಸೊಗಸಾಗಿ ಮಾತಾಡಿದಳು. ಆಮೇಲೆ, ಅಪ್ಪ ಸುದ್ದಿ ಓದುತ್ತ ತಡವರಿಸಿದರೆ ತನ್ನ ಮರ್ಯಾದೆ ಹೋದೀತೆಂದು ಹೆದರಿ, ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕವನ್ನು ಅವರ ಕೈಗಿತ್ತಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಜೇಬಿಗೆ ಹೋಗಿದ್ದ ಕೈಯನ್ನು ಕಲ್ಲಪ್ಪನವರು ಹಿಂದೆ ತೆಗೆದರು. ಮಗಳ ಮುಖ ನೋಡಿದರು. ಮೊಲ, ಆನೆ, ಮಾವಿನಹಣ್ಣು ಎಂದು ಓದಿದರು. ಕೂಸು ಮೊದಲ ಹೆಜ್ಜೆ ಇಟ್ಟಾಗ ತಟ್ಟುವ ಹಾಗೆ ಸಭೆ ಚಪ್ಪಾಳೆ ತಟ್ಟಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಕೆಲಸ ಆತಿಲ್ಲ, ಯವ್ವಾ?" ವರ್ಷಿಣಿ ನಾಚಿಕೆಯಿಂದ ಕಿಟಕಿಯಾಚೆ ಮುಖ ಮಾಡಿ ಕುಳಿತಳು.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಅವಳೂ ಚಹಾದಂಗಡಿಗೆ ಹೋದಳು. ಅದೇ ಹಡಗು ನೀರಿಗಿಳಿದ ಸುದ್ದಿ ಗೋಡೆಯ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿತ್ತು.

"ಅಪ್ಪಾ, ನೀವು ಓದ್ರಿ. ನಾ ಕೇಳ್ತೀನಿ."

ಕಲ್ಲಪ್ಪನವರು ಗೋಡೆಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕುಳಿತರು.

"ಕನ್ನಡಕ ಮನ್ಯಾಗ ಬಿಟ್ಟ ಬಂದೇನವಾ."

ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ಮಗಳಿಗೆ ಅವರು ಅದುವರೆಗೂ ಆ ನೆಪ ಹೇಳಿರಲಿಲ್ಲ.