'ಕುಮ್' ಎಂದರೆ

ಕೊಯ್ಲಿನ ಬಿಸಿಲಲ್ಲಿ ಕೊಯ್ದ ಪೈರಿನ ಸಿವುಡು ಕಟ್ಟುತ್ತಲೇ ಅಕ್ಕ ತಂಗಿಯತ್ತ ಓರೆಗಣ್ಣಿಂದ ನೋಡುತ್ತಿದ್ದಳು. ಲ್ಯಾಟಿನ್ ಮೇಷ್ಟರಾಗಿದ್ದ ಅಪ್ಪ ಸಾಯುವ ಮುಂಚೆ ಆ ಭಾಷೆಯಲ್ಲೇ ಒಂದು ಸಾಲು ಬರೆದಿಟ್ಟಿದ್ದರು: ಕಿರಿಯಳು ನನ್ನನ್ನು ನೋಡಿಕೊಂಡಳು, 'ಕುಮ್' ಅವಳಿಗೆ ಹೊಲ ಕೊಟ್ಟಿದ್ದೆ.

ಅಪ್ಪನ ಹಳೆಯ ಶಿಷ್ಯ ಬದುವಿನ ಮೇಲೆ ಕೂತು ಅದನ್ನು ಕನ್ನಡಕ್ಕೆ ಬಿಡಿಸಿ ಬರೆಯುತ್ತಾ ಲ್ಯಾಟಿನ್-ಇಂಗ್ಲಿಷ್ ನಿಘಂಟು ತೆರೆದ. "ಕುಮ್‌ಗೆ ಮೂರರ್ಥ ಅಕ್ಕಾ. ವೆನ್, ಕೊಟ್ಟಾಗ. ಸಿನ್ಸ್, ಕೊಟ್ಟಿದ್ದರಿಂದ. ಆಲ್ದೋ, ಕೊಟ್ಟಿದ್ದರೂ."

"ಕೊಟ್ಟಿದ್ದರಿಂದಲೇ. ಇವಳು ಬಂದಿದ್ದೇ ಹೊಲದಾಸೆಗೆ, ನಾನಾಗಲೇ ಹೇಳಿರಲಿಲ್ವಾ?" ಎಂದಳು ಅಕ್ಕ.

ತಂಗಿ ಕುಡುಗೋಲು ನಿಲ್ಲಿಸಲಿಲ್ಲ. "ಹೊಲ ಕೈಗೆ ಬಂದಮೇಲೂ ಮೂರು ವರ್ಷ ಅಪ್ಪನ್ನ ಎತ್ತಿ ಕೂರಿಸಿದೆ. ಬಿಟ್ಟು ಹೋಗಿದ್ರೆ ಯಾರು ಕೇಳ್ತಿದ್ರು, ನೀನಾ?"

ಅಕ್ಕ ಆ ಮೂರು ವರ್ಷದಲ್ಲಿ ಎರಡು ಸಲ ಬಂದಿದ್ದಳು.

"ಯಾವುದು ಬರೀಲಿ ಅಕ್ಕಾ?" ಎಂದ ಶಿಷ್ಯ.

ಅಕ್ಕ ಸಿವುಡಿನ ಗಂಟು ಬಿಗಿದಳು. "ಕೊಟ್ಟಿದ್ದರೂ ಅಂತ ಬರಿ."

ತಂಗಿಗೆ ಅವಳು ಹೇಳಬೇಕಿದ್ದ ತಪ್ಪಾಯ್ತು ಅನ್ನುವ ಮಾತು ಮಾತ್ರ ಬಾಕಿಯೇ ಉಳಿಯಿತು.