ರದ್ದಾದ ತೀರ್ಪು

ಶಾಯಿ ಇನ್ನೂ ಆರಿಲ್ಲ, ಹೆಬ್ಬೆರಳಿಗೆ ನೀಲಿ ಹತ್ತಿತು, ಇಷ್ಟು ಬೇಗ ಮಡಚಬಾರದಿತ್ತು, ಹದಿನಾಲ್ಕು ವರ್ಷ ಕಾದ ಕಾಗದ — ವೀಬ್ಕೆ ಲ್ಯೂರ್ಸ್, ಅಂದರೆ ನಾನು, ಮಂದಬುದ್ಧಿಯವಳಲ್ಲ, ೧೯೩೫ರ ತೀರ್ಪು ರದ್ದು — ಇವತ್ತಿನ ನ್ಯಾಯಾಧೀಶ ಒಳ್ಳೆಯವನು, ಮುದುಕ, ಫ್ರಾನ್ಸಿನ ರಾಜಧಾನಿ ಯಾವ್ದಮ್ಮ, ಪ್ಯಾರಿಸ್ ಸ್ವಾಮಿ, ಅಮೆರಿಕ ಕಂಡುಹಿಡಿದೋರು, ಕೊಲಂಬಸ್, ಹದಿನೇಳ್ ಮೂರ್ಲಿ, ಐವತ್ತೊಂದು, ಚಳಿಗಾಲವಿಡೀ ಬಾಯಿಪಾಠ ಮಾಡಿದ್ದೆ, ಹಾಡಿನಂತೆ ಎಳೆದು ಹೇಳಿದರೆ ಉಗ್ಗು ಬರುವುದಿಲ್ಲ, ಮೂವತ್ತೈದರಲ್ಲಿ ಅದು ಗೊತ್ತಿರಲಿಲ್ಲ. ಅಂದೂ ಇವೇ ಪ್ರಶ್ನೆಗಳು, ನನಗೆ ಇಪ್ಪತ್ತು, ಎದುರಿಗೆ ಒಬ್ಬ ನ್ಯಾಯಾಧೀಶ, ಇಬ್ಬರು ಡಾಕ್ಟರು, ಪ್, ಪ್, ಎನ್ನುವಷ್ಟರಲ್ಲೇ ಮಂದಬುದ್ಧಿ ಎಂದು ಬರೆದುಕೊಂಡರು, ಅಮ್ಮ ಎದ್ದು ನಿಂತಳು, ಉಗ್ಗ್ತಾಳೆ ಅಷ್ಟೇ ಸ್ವಾಮಿ, ದಡ್ಡಿ ಅಲ್ಲ, ಇಸ್ತ್ರೀಲಿ ಇವಳನ್ನ ಮೀರ್ಸೋರೇ ಇಲ್ಲ, ಕೂತ್ಕೊಳಮ್ಮ, ಎಂದ ಆ ನ್ಯಾಯಾಧೀಶ, ಇಂಥೋರು ಹೆತ್ರೆ ದೇಶದ ರಕ್ತಾನೇ ಕೆಡತ್ತೆ, ದೊಡ್ಡ ದೊಡ್ಡ ಪ್ರೊಫೆಸರ್‌ಗಳು ಬರೆದಿದಾರೆ, ನಿಂಗೆ ಅರ್ಥ ಆಗಲ್ಲ — ಮೂರನೇ ವಾರ ಪೊಲೀಸರು ಬಂದು ಆಸ್ಪತ್ರೆಗೆ ಒಯ್ದರು, ಹೊಟ್ಟೆಯ ಕೆಳಗೆ ಗೇಣುದ್ದ ಗಾಯ, ಇನ್ನೆಂದೂ ಹೆರುವಂತಿಲ್ಲ, ಮುಗಿಯಿತು.

ಹಿನ್ನೆರ್ಕ್, ಎಲ್ಬೆ ನದಿಯಲ್ಲಿ ದೋಣಿ ದಾಟಿಸುವ ನನ್ನ ಹಿನ್ನೆರ್ಕ್, ಮಕ್ಕಳಾಗ್ದಿದ್ರೆ ಬೇಡ ಬಿಡೆ, ನಿನ್ನ ಉಗ್ಗು ಕೇಳೋಕೆ ನಾನೊಬ್ಬ ಸಾಲ್ದಾ ಎಂದವನು, ಮದುವೆ ಕಚೇರಿಗೆ ಕರೆದುಕೊಂಡು ಹೋದನಲ್ಲ, ಅಲ್ಲಿನ ಗುಮಾಸ್ತ ಅಂದ, ಆಪರೇಷನ್ ಆದೋಳಿಗೆ ಗಟ್ಟಿ ಗಂಡಸನ್ನ ಪೋಲು ಮಾಡೋಕಾಗಲ್ಲಪ್ಪ, ಕಾನೂನು ಒಪ್ಪಲ್ಲ, ಬೇರೆ ಹುಡುಗಿ ನೋಡ್ಕೋ, ಹಿನ್ನೆರ್ಕ್ ನೋಡಲಿಲ್ಲ, ಸಂಜೆ ಆಚೆ ದಡದಿಂದ ಎರಡು ಸಲ ಸಿಳ್ಳೆ ಹಾಕುತ್ತಿದ್ದ, ನಾನು ಬಕೆಟ್ಟು ಇಟ್ಟು ಓಡುತ್ತಿದ್ದೆ, ಆಮೇಲೆ ಯುದ್ಧ, ರಷ್ಯಾದ ಹಿಮ, ಸಿಳ್ಳೆಯಿಲ್ಲ. ಇದ್ದಿದ್ದರೆ ಕಾಗದ ಓದಿ ನಗುತ್ತಿದ್ದ, ನೋಡೇ, ನೀನು ಜಾಣೆ ಅಂತ ಸರ್ಕಾರಕ್ಕೆ ಈಗ ಗೊತ್ತಾಯ್ತಂತೆ, ಎಷ್ಟು ಚುರುಕು ನೋಡು. ಇನ್ನೇನಾದ್ರೂ ಕೇಳೋದಿದ್ಯಾ ಎಂದ ಇವತ್ತಿನ ಮುದುಕ ನ್ಯಾಯಾಧೀಶ, ಗಾಯಾನೂ ರದ್ದು ಮಾಡ್ತೀರಾ ಸ್ವಾಮಿ ಎಂದೆ, ಹಾಡಲಿಲ್ಲ, ಆದರೂ ಉಗ್ಗಲಿಲ್ಲ, ಅವನು ಕನ್ನಡಕ ತೆಗೆದು ಒರೆಸಿದ, ಒರೆಸುತ್ತಲೇ ಇದ್ದ, ನಾನು ಬಾಗಿಲು ಮುಚ್ಚಿಕೊಂಡು ಬಂದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಅಂಗಳ, ಜೊತೆ ಕೆಲಸದ ಗೆಶೆ ಕೂಗುತ್ತಿದ್ದಾಳೆ, ಪಾಸಾದ್ಯೇನೇ, ಪಾಸಾದೆ, ಹಂಗಾದ್ರೆ ಬಾ ಮಾರಾಯ್ತಿ, ಹೆರಿಗೆ ವಾರ್ಡಿನ ಬಟ್ಟೆ ಬಂದಿದೆ, ಕೈ ಹಚ್ಚು — ಅಂಗೈಯಗಲದ ಅಂಗಿಗಳು, ಹಿಂಡಿ, ಕೊಡವಿ, ಹಗ್ಗಕ್ಕೆ ಒಂದು, ಇನ್ನೊಂದು, ದಿನವೂ ಇದೇ, ದಿನವೂ ಯಾವುದೋ ಒಂದಕ್ಕೆ ನದಿಯ ಗಾಳಿ ಹೊಕ್ಕು ಹೊಟ್ಟೆ ಉಬ್ಬುತ್ತದೆ, ಎರಡೂ ತೋಳು ಎದ್ದು ನಿಲ್ಲುತ್ತವೆ, ಎತ್ತಿಕೋ ಎನ್ನುವಂತೆ, ಆ ತೋಳುಗಳು, ನನ್ನ ಕಡೆಗೇ, ಆ ತೋಳುಗಳು —